ಚೆಲುವಿನ ಹಾದಿಗೆ ಹಣ ಹುಟ್ಟುವುದೆಲ್ಲಿ?

ರಸ್ತೆಯೊಂದರ ಅಂದಾಜುಪಟ್ಟಿಯನ್ನು ಕಂಡವರಿಗೆ ಗೊತ್ತು: ಅದರಲ್ಲಿ ಜಲ್ಲಿಗೆ ಒಂದು ಬಾಬು, ಡಾಂಬರಿಗೆ ಒಂದು, ಮೋರಿಗೆ ಒಂದು, ತಡೆಗೋಡೆಗೆ ಒಂದು. ತಿರುವಿನಲ್ಲಿ ಫಕ್ಕನೆ ತೆರೆದುಕೊಳ್ಳುವ ಕಣಿವೆಗೆ ಬಾಬು ಇಲ್ಲ. ತಲೆಮಾರುಗಳಿಗೆ ನೆರಳು ಕೊಟ್ಟ ಸಾಲುಮರಕ್ಕೂ ಇಲ್ಲ. ದಾರಿಹೋಕರು ಹೊರೆ ಇಳಿಸಿ ದಣಿವಾರಿಸಿಕೊಳ್ಳಲೆಂದು ಹಿರಿಯರು ನೆಟ್ಟ ಹೊರೆಗಲ್ಲಿಗೂ ಇಲ್ಲ. ಲೆಕ್ಕಕ್ಕೆ ಬಾರದ ವಸ್ತು ಕ್ರಮೇಣ ಕಣ್ಣಿಗೂ ಬಾರದಾಗುತ್ತದೆ. ರಸ್ತೆ ಅಗಲವಾಗುವಾಗ ಮೊದಲು ಉರುಳುವುದು ಇವೇ.

ಹಾಗಾದರೆ ದಾರಿಯ ಚೆಲುವನ್ನು ಉಳಿಸಲು ಹಣ ಬೇಕಾದರೆ ಯಾರಲ್ಲಿ ಕೇಳಬೇಕು? ಹೇಗೆ ಕೇಳಬೇಕು? ಈ ಪ್ರಶ್ನೆಗೆ ಒಂದು ಶತಮಾನಕ್ಕೂ ಮಿಕ್ಕಿ ಉತ್ತರ ಹುಡುಕುತ್ತ ಬಂದ ದೇಶ ಅಮೇರಿಕ. ಅಲ್ಲಿ ಇಂಥ ಹಾದಿಗಳಿಗೆ ‘ಸೀನಿಕ್ ಬೈವೇ’ ಎಂದು ಹೆಸರು. ನಾವು ರಮ್ಯಮಾರ್ಗ ಎನ್ನೋಣ. ಹಣಕ್ಕೇನೂ ಬಡತನವಿಲ್ಲದ ಆ ನಾಡಿನಲ್ಲಿಯೂ ರಮ್ಯಮಾರ್ಗಗಳ ಪಾಲಿಗೆ ಹಣ ಸುಲಭವಾಗಿ ಒದಗಲಿಲ್ಲ. ಬಂದದ್ದು ಹೇಗೆ, ನಿಂತದ್ದು ಏಕೆ, ನಿಂತಾಗಲೂ ಉಳಿದ ದಾರಿಗಳು ಯಾವುವು ಎಂಬ ವೃತ್ತಾಂತದಲ್ಲಿ ನಮಗೂ ಬೇಕಾದ ಪಾಠಗಳಿವೆ. ಗಡಿನಾಡಿನವರಾದ ನಮ್ಮ ಊರುಗಳನ್ನು ಕೂಡಿಸುವ ಹಲವು ದಾರಿಗಳು ಘಟ್ಟವನ್ನೂ ಕಾಡನ್ನೂ ದಾಟುವಂಥವು. ಎರಡು ಸರಕಾರಗಳ ನಡುವೆ ಹಂಚಿಹೋದಂಥವು.

ಧನಿಕರ ದಾನ, ಜನರ ಸಾಲ

ಅಮೇರಿಕದ ಪಶ್ಚಿಮ ತೀರದಲ್ಲಿ ಕೊಲಂಬಿಯಾ ಎಂಬ ಮಹಾನದಿ ಪರ್ವತಗಳನ್ನು ಸೀಳಿಕೊಂಡು ಸಮುದ್ರಕ್ಕೆ ಹರಿಯುತ್ತದೆ. ಅದರ ಉತ್ತರ ದಂಡೆ ವಾಷಿಂಗ್ಟನ್ ರಾಜ್ಯಕ್ಕೆ ಸೇರಿದೆ. ದಕ್ಷಿಣ ದಂಡೆ ಆರೆಗನ್ ರಾಜ್ಯಕ್ಕೆ. ನದಿಯೇ ಗಡಿ. ಆ ಕಮರಿಯ ಅಂಚಿನಲ್ಲಿ, ಜಲಪಾತಗಳ ಎದುರಿನಲ್ಲಿ, ಒಂದು ಸುಂದರ ರಸ್ತೆಯಾಗಬೇಕೆಂದು ಹಟ ತೊಟ್ಟವನು ಸ್ಯಾಮ್ಯುಯೆಲ್ ಹಿಲ್ ಎಂಬ ವಕೀಲ. ಉತ್ತರ ದಂಡೆಯ ಸರಕಾರ ಆತನ ಮಾತಿಗೆ ಒಲವು ತೋರಲಿಲ್ಲ. ಆತ ಗಡಿಯ ಆಚೆಗೆ ಮುಖ ತಿರುಗಿಸಿದ. 1913ರ ಫೆಬ್ರುವರಿಯಲ್ಲಿ ಆರೆಗನ್ನಿನ ಶಾಸಕರನ್ನು ತನ್ನ ಖರ್ಚಿನಿಂದಲೇ ರೈಲಿನಲ್ಲಿ ಕರೆದೊಯ್ದು, ಮೇರಿಹಿಲ್ ಎಂಬಲ್ಲಿ ತನ್ನ ಸ್ವಂತ ಜಮೀನಿನಲ್ಲಿ ಸ್ವಂತ ಹಣದಿಂದ ಕಟ್ಟಿಸಿದ್ದ ಮಾದರಿ ರಸ್ತೆಗಳನ್ನು ತೋರಿಸಿದ. ಅದೇ ವರ್ಷ ಆರೆಗನ್ ರಾಜ್ಯದಲ್ಲಿ ಹೆದ್ದಾರಿ ಆಯೋಗ ಸ್ಥಾಪನೆಯಾಯಿತು. ಬಾಯಿಮಾತಿಗಿಂತ ಕಣ್ಣೆದುರಿನ ಮಾದರಿ ಹೆಚ್ಚು ಕೆಲಸ ಮಾಡಿತೆಂಬುದನ್ನು ಇಲ್ಲಿ ಗಮನಿಸಬೇಕು.

ಹಿಲ್ ಒಬ್ಬನಿಂದಲೇ ಕಾರ್ಯ ಸಾಗಲಿಲ್ಲ. ಸೈಮನ್ ಬೆನ್ಸನ್ ಎಂಬ ಮರದ ವ್ಯಾಪಾರಿ 1912ರಲ್ಲಿಯೇ ಹತ್ತು ಸಾವಿರ ಡಾಲರ್ ಕೊಟ್ಟು ದುರ್ಗಮವಾದ ಒಂದು ಬೆಟ್ಟದ ಸುತ್ತ ಕೆಲಸ ಆರಂಭಿಸಲು ನೆರವಾದ. ಮುಂದೆ 620 ಅಡಿ ಎತ್ತರದ ಮಲ್ಟ್‌ನೋಮಾ ಜಲಪಾತದ ಪರಿಸರವನ್ನು ಕೊಂಡು ಪೋರ್ಟ್‌ಲ್ಯಾಂಡ್ ನಗರಕ್ಕೆ ದಾನ ಮಾಡಿದ. ಜಲಪಾತದ ನಡುಮಟ್ಟದಲ್ಲಿರುವ ಕಾಲುಸೇತುವೆ ಇಂದಿಗೂ ಅವನ ಹೆಸರಿನದು. ಜಾನ್ ಯೋನ್ ಎಂಬ ಇನ್ನೊಬ್ಬ ಶ್ರೀಮಂತ ಸಂಬಳವಿಲ್ಲದೆ ರಸ್ತೆಯ ಮೇಲ್ವಿಚಾರಣೆಗೆ ನಿಂತ. ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್ ಎಂಬ ಇಂಜಿನಿಯರು, ಏರು ನೂರಕ್ಕೆ ಐದಕ್ಕಿಂತ ಹೆಚ್ಚಾಗದಂತೆ, ಒಳ್ಳೆಯ ನೋಟವಿರುವಲ್ಲೆಲ್ಲ ದಾರಿ ಹಾಯುವಂತೆ ನಕ್ಷೆ ಬರೆದ.

ದಾನದಿಂದ ಆರಂಭವಾದದ್ದು ದಾನದಿಂದಲೇ ಮುಗಿಯಲಿಲ್ಲ. ರಸ್ತೆಗಳಿಗೆ ಗಟ್ಟಿ ಹೊದಿಕೆ ಹಾಸಲು ಹನ್ನೆರಡೂವರೆ ಲಕ್ಷ ಡಾಲರ್ ಸಾಲಪತ್ರ ಹೊರಡಿಸುವುದಕ್ಕೆ 1915ರಲ್ಲಿ ಮಲ್ಟ್‌ನೋಮಾ ಜಿಲ್ಲೆಯ ಮತದಾರರು ಒಪ್ಪಿಗೆ ಕೊಟ್ಟರು. ಅಂದರೆ ತಮ್ಮ ತೆರಿಗೆಯಿಂದ ತೀರಿಸಬೇಕಾದ ಸಾಲವನ್ನು ತಾವೇ ತಲೆಗೆ ಹೊತ್ತರು. 1919ರಲ್ಲಿ ಆರೆಗನ್ ರಾಜ್ಯ ಗ್ಯಾಲನ್ ಪೆಟ್ರೋಲಿಗೆ ಒಂದು ಸೆಂಟಿನಂತೆ ತೆರಿಗೆ ವಿಧಿಸಿತು. ಅಮೇರಿಕದಲ್ಲಿ ಪೆಟ್ರೋಲಿನ ಮೇಲೆ ತೆರಿಗೆ ಹಾಕಿದ ಮೊತ್ತಮೊದಲ ರಾಜ್ಯ ಅದು. 1922ರ ಹೊತ್ತಿಗೆ ಟ್ರೌಟ್‌ಡೇಲಿನಿಂದ ದಿ ಡಾಲ್ಸ್ ಪಟ್ಟಣದವರೆಗೆ ಎಪ್ಪತ್ತಕ್ಕೂ ಹೆಚ್ಚು ಮೈಲಿಯ ದಾರಿ ಸಿದ್ಧವಾಯಿತು. ದಾನ, ಸಾಲ, ತೆರಿಗೆ ಎಂಬ ಮೂರು ಎಳೆಗಳ ಹಗ್ಗ ಅದು. ಯಾವ ಒಂದು ಎಳೆಯಿಂದಲೂ ಅಷ್ಟು ಭಾರ ಎಳೆಯುವುದು ಸಾಧ್ಯವಿರಲಿಲ್ಲ.

ಒಡೆದದ್ದನ್ನು ಮರಳಿ ಕೂಡಿಸುವ ವೆಚ್ಚ

ಆ ಮಾರ್ಗದ ಮಿಚೆಲ್ ಪಾಯಿಂಟ್ ಎಂಬಲ್ಲಿ ಬಂಡೆ ಕೊರೆದು ಒಂದು ಸುರಂಗ ಮಾಡಿದ್ದರು. ಅದರ ಒಂದು ಪಕ್ಕದಲ್ಲಿ ನದಿಯತ್ತ ತೆರೆದ ಐದು ಕಮಾನು ಕಿಟಕಿಗಳು. ಮೋಟಾರುಗಳ ವೇಗ ಹೆಚ್ಚಿ, ಅಗಲವಾದ ನೇರ ಹೆದ್ದಾರಿ ನದಿಯ ಮಟ್ಟದಲ್ಲಿಯೇ ಬಂದಾಗ ಹಳೆಯ ಮಾರ್ಗ ತುಂಡುತುಂಡಾಯಿತು. ಕಲ್ಲು ಬೀಳುತ್ತದೆಂದು 1953ರಲ್ಲಿ ಸುರಂಗವನ್ನು ಮುಚ್ಚಿದರು; ಹೆದ್ದಾರಿಯ ಅಗಲೀಕರಣಕ್ಕಾಗಿ 1966ರಲ್ಲಿ ಸಿಡಿಮದ್ದಿಟ್ಟು ಕೆಡವಿದರು.

ಇಪ್ಪತ್ತು ವರ್ಷಗಳ ಬಳಿಕ, 1986ರಲ್ಲಿ, ಕೊಲಂಬಿಯಾ ಕಮರಿಯನ್ನು ರಾಷ್ಟ್ರೀಯ ರಮ್ಯಪ್ರದೇಶವೆಂದು ಸಾರುವ ಕಾನೂನು ಬಂತು. ಹಳೆಯ ಮಾರ್ಗದ ತುಂಡುಗಳನ್ನು ಉಳಿಸಿ ಕೂಡಿಸಬೇಕೆಂಬ ಮಾತು ಅದರಲ್ಲಿಯೇ ಸೇರಿತು. 1987ರಲ್ಲಿ ಆರೆಗನ್ನಿನ ಶಾಸನಸಭೆಯೂ ಅದಕ್ಕೆ ದನಿಗೂಡಿಸಿತು. ಮಣ್ಣು ತುಂಬಿಸಿ ಮುಚ್ಚಿದ್ದ ಮೋಸಿಯರ್ ಅವಳಿ ಸುರಂಗಗಳು 2000ದಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದವು. ಮಿಚೆಲ್ ಪಾಯಿಂಟಿನಲ್ಲಿ 655 ಅಡಿ ಉದ್ದದ ಹೊಸ ಸುರಂಗವನ್ನು ಮತ್ತೆ ಐದು ಕಿಟಕಿಗಳೊಂದಿಗೆ ಕೊರೆದು 2025ರಲ್ಲಿ ತೆರೆದರು. ಕೆಡವಿ ಸುಮಾರು ಅರುವತ್ತು ವರ್ಷ! ಇದ್ದದ್ದನ್ನು ಇದ್ದಂತೆ ಕಾಯುವುದಕ್ಕೆ ಎಷ್ಟು ಖರ್ಚಾಗುತ್ತಿತ್ತೋ ಅದನ್ನೂ, ಕೆಡವಿ ಮರಳಿ ಕಟ್ಟಿದ ಖರ್ಚನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟು ನೋಡುವವರು ಸರಕಾರಗಳಲ್ಲಿ ವಿರಳ. ನೋಡುವಂತೆ ಮಾಡುವವರು ದಾರಿಯ ಬದಿಯ ಜನ.

ಕಾಯಿದೆ ತೆರೆದ ಖಜಾನೆ

ಇಡೀ ದೇಶದ ರಮ್ಯಮಾರ್ಗಗಳಿಗೆಂದು ಪ್ರತ್ಯೇಕ ಯೋಜನೆ ಹುಟ್ಟಿದ್ದು 1991ರ ಸಾರಿಗೆ ಕಾಯಿದೆಯಿಂದ. ಅದರ ಕ್ರಮ ತಿಳಿಯಾದುದು. ದಾರಿಗೆ ಆರು ಗುಣಗಳಲ್ಲಿ ಒಂದಾದರೂ ಇರಬೇಕು: ಪುರಾತತ್ತ್ವ, ಸಂಸ್ಕೃತಿ, ಇತಿಹಾಸ, ನಿಸರ್ಗ, ವಿಹಾರ, ನೋಟ. ಒಂದು ಗುಣವಿದ್ದರೆ ‘ರಾಷ್ಟ್ರೀಯ ರಮ್ಯಮಾರ್ಗ’. ಎರಡಾದರೂ ಗುಣಗಳಿದ್ದು, ಆ ದಾರಿಯಲ್ಲಿ ಹೋಗುವುದಕ್ಕಾಗಿಯೇ ಜನ ದೂರದಿಂದ ಬರುವಂತಿದ್ದರೆ ‘ಆಲ್ ಅಮೆರಿಕನ್ ರೋಡ್’ ಎಂಬ ಹಿರಿಯ ಬಿರುದು. ಮೊದಲ ಬಿರುದುಗಳು 1996ರಲ್ಲಿ ದೊರೆತವು. ಕೊಲಂಬಿಯಾದ ಹಳೆಯ ಮಾರ್ಗಕ್ಕೆ ಹಿರಿಯ ಬಿರುದು 1998ರಲ್ಲಿ ಬಂತು. 2021ರ ಘೋಷಣೆಯ ಬಳಿಕ ಬಿರುದು ಪಡೆದ ಮಾರ್ಗಗಳ ಸಂಖ್ಯೆ 184ಕ್ಕೆ ಏರಿತು.

ಬಿರುದಿಗೆ ಮುನ್ನ ಒಂದು ಬರಹ ಬೇಕು. ದಾರಿಯ ನಕ್ಷೆ, ಅದರ ಬದಿಯಲ್ಲಿ ಏನೇನಿದೆ ಎಂಬ ಪಟ್ಟಿ, ಯಾವುದನ್ನು ಯಾರು ಹೇಗೆ ಕಾಯುತ್ತಾರೆ ಎಂಬ ಒಪ್ಪಂದ, ಅಪಘಾತಗಳ ಪರಿಶೀಲನೆ, ಜಾಹೀರಾತು ಫಲಕಗಳ ನಿಯಂತ್ರಣ, ಪ್ರವಾಸಿಗರ ದಟ್ಟಣೆಯನ್ನು ತಾಳಿಕೊಳ್ಳುವ ಬಗೆ, ಊರಿನವರು ಇದರಲ್ಲಿ ಮುಂದೆಯೂ ಭಾಗವಹಿಸುವ ಕ್ರಮ ಇವೆಲ್ಲವೂ ಅದರಲ್ಲಿರಬೇಕು. ಅದಕ್ಕೆ ‘ಕಾರಿಡಾರ್ ನಿರ್ವಹಣಾ ಯೋಜನೆ’ ಎಂದು ಹೆಸರು. ಇದನ್ನು ಬರೆಯಲು ಕುಳಿತಾಗ ರೈತ, ಹೋಟೆಲಿನವನು, ಶಾಲಾ ಮೇಷ್ಟ್ರು, ಅರಣ್ಯಾಧಿಕಾರಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂಡಬೇಕಾಗುತ್ತದೆ. ಹಣ ಬರಲಿ, ಬಾರದಿರಲಿ, ಆ ಕೂಟವೇ ಒಂದು ಲಾಭ.

ಅನುದಾನದ ನಿಯಮವೂ ಅಷ್ಟೇ ಸ್ಪಷ್ಟ. ನೂರರಲ್ಲಿ 80 ಪಾಲು ಕೇಂದ್ರ ಸರಕಾರದ್ದು. 20 ಪಾಲನ್ನು ರಾಜ್ಯವೋ ಊರೋ ಸಂಘವೋ ಒದಗಿಸಬೇಕು. ಈ ಇಪ್ಪತ್ತನ್ನು ನಗದಾಗಿಯೇ ತರಬೇಕೆಂದಿಲ್ಲ. ದಾನವಾಗಿ ಬಂದ ನೆಲ, ಸಾಮಗ್ರಿ, ಪುಕ್ಕಟೆಯಾಗಿ ಮಾಡಿಕೊಟ್ಟ ಕೆಲಸ ಇವಕ್ಕೂ ಕ್ರಮಬದ್ಧವಾಗಿ ಬೆಲೆ ಕಟ್ಟಿ ಪಾಲಿಗೆ ಸೇರಿಸಿಕೊಳ್ಳಲು ಅವಕಾಶವಿದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆಗೆ ಅಲ್ಲಿನ ಲೆಕ್ಕಪತ್ರದಲ್ಲಿಯೂ ಸ್ಥಾನವಿದೆಯೆನ್ನಬಹುದು.

ಎರಡು ಮಾತುಗಳನ್ನು ಮಾತ್ರ ಅರ್ಜಿದಾರರು ಮರೆಯುವಂತಿಲ್ಲ. ಮೊದಲನೆಯದು, ಹಣ ಮುಂಗಡವಾಗಿ ಬರುವುದಿಲ್ಲ. ಕೆಲಸ ನಡೆಸಿ ಬಿಲ್ಲು ತೋರಿಸಿದ ಮೇಲೆ ಮರುಪಾವತಿ. ಕೈಯಲ್ಲಿ ಸ್ವಲ್ಪ ಬಂಡವಾಳವಿಲ್ಲದ ಸಣ್ಣ ಸಂಘಗಳು ಮಂಜೂರಾತಿ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಕಷ್ಟಪಡುವುದು ಇಲ್ಲಿ. ಎರಡನೆಯದು, ಹಣ ಸಿಗುವುದು ಹೊಸ ಕೆಲಸಕ್ಕೆ: ತಂಗುದಾಣ, ನೋಟದ ಕಟ್ಟೆ, ಕಾಲುದಾರಿ, ಮಾಹಿತಿ ಫಲಕ, ರಕ್ಷಣೆಯ ಕಾಮಗಾರಿ, ಯೋಜನೆ ಬರೆಯುವ ವೆಚ್ಚ. ದಿನವೂ ಕಸ ಗುಡಿಸುವವನ ಕೂಲಿಗೆ ಸಿಗುವುದಿಲ್ಲ. ಕಟ್ಟುವುದಕ್ಕೆ ಸರಕಾರ, ಕಾಪಾಡುವುದಕ್ಕೆ ಊರು. ಇದು ಒಳಗಿನ ಒಪ್ಪಂದ.

ಗೌರವಕ್ಕೆ ತೆರುವ ಬೆಲೆ

ಬಿರುದು ಬಂದರೆ ಎಲ್ಲರಿಗೂ ಸಂತೋಷವೆಂದು ತಿಳಿಯಬಾರದು. ಹೆದ್ದಾರಿಗಳ ಬದಿಯಲ್ಲಿ ದೈತ್ಯಾಕಾರದ ಜಾಹೀರಾತು ಫಲಕಗಳು ಹಬ್ಬಿದುದನ್ನು ಕಂಡು ಅಧ್ಯಕ್ಷ ಲಿಂಡನ್ ಜಾನ್ಸನ್ನರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಬಲವಾಗಿ ದನಿ ಎತ್ತಿದರು. 1965ರಲ್ಲಿ ಹೆದ್ದಾರಿ ಸೌಂದರ್ಯ ಕಾಯಿದೆ ಬಂತು. 1991ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಮ್ಯಮಾರ್ಗಗಳೆಂದು ಗುರುತಿಸಿದ ಮುಖ್ಯ ಹೆದ್ದಾರಿಗಳ ಬದಿಯಲ್ಲಿ ಹೊಸ ಜಾಹೀರಾತು ಫಲಕಗಳನ್ನು ನಿಷೇಧಿಸಿತು. ಫಲಕಕ್ಕೆ ಜಾಗ ಬಾಡಿಗೆಗೆ ಕೊಟ್ಟು ನಾಲ್ಕು ಕಾಸು ಕಾಣುತ್ತಿದ್ದ ಜಮೀನುದಾರನಿಗೆ ಇದು ಹಿತವಾದೀತೆ? ಅವನ ಅಳಲನ್ನು ತಳ್ಳಿಹಾಕುವುದು ಸರಿಯಲ್ಲ. ಚೆಲುವು ಎಲ್ಲರ ಸೊತ್ತು ಎನ್ನುವಾಗ ಅದರ ಖರ್ಚು ಒಬ್ಬನ ತಲೆಯ ಮೇಲೆ ಬೀಳಬಾರದು. ದಾರಿಯಿಂದ ಹೋಟೆಲಿಗೆ ಬಂದ ಲಾಭದಲ್ಲಿ ಹೊಲದವನಿಗೂ ಪಾಲು ಸಲ್ಲುವ ಬಗೆ ಇರಬೇಕು. ಇದನ್ನು ಮುಂಚಿತವಾಗಿ ಮಾತಾಡಿ ಮುಗಿಸದ ಊರುಗಳಲ್ಲಿ ಅರ್ಜಿಗೆ ಮೊದಲ ಅಡ್ಡಿ ಊರೊಳಗಿನಿಂದಲೇ ಬರುತ್ತದೆ.

ತೊರೆ ಬತ್ತಿದಾಗ

2005ರ ಕಾಯಿದೆ ಈ ಯೋಜನೆಗೆ ಐದು ವರ್ಷಗಳಿಗೆಂದು ಹದಿನೇಳೂವರೆ ಕೋಟಿ ಡಾಲರ್ ಗೊತ್ತುಪಡಿಸಿತ್ತು. ಆರಂಭದಿಂದ ಒಟ್ಟು ಮೂರು ಸಾವಿರದಷ್ಟು ಕೆಲಸಗಳಿಗೆ ನೆರವು ಸಂದಿತ್ತು. 2012ರಲ್ಲಿ ಹೊಸ ಸಾರಿಗೆ ಕಾಯಿದೆ ಬಂದಾಗ ರಮ್ಯಮಾರ್ಗಗಳ ಪ್ರತ್ಯೇಕ ನಿಧಿ ಮಾಯವಾಯಿತು. ಮಾರ್ಗ ಸಂಘಗಳಿಗೆ ಬುದ್ಧಿಮಾತು ಹೇಳುತ್ತಿದ್ದ, ಮಿನ್ನೆಸೋಟ ರಾಜ್ಯದ ಡುಲುತ್ ಪಟ್ಟಣದ ಕೇಂದ್ರವೂ ಬಾಗಿಲು ಹಾಕಿತು. ಬಿರುದು ಉಳಿಯಿತು, ಫಲಕ ಉಳಿಯಿತು, ಹಣ ಉಳಿಯಲಿಲ್ಲ.

ಆಗ ಪರೀಕ್ಷೆಯಾದದ್ದು ದಾರಿಗಳಲ್ಲ, ಅವುಗಳ ಬೆನ್ನಿಗೆ ನಿಂತ ಜನ. ಅನುದಾನವೊಂದನ್ನೇ ನೆಚ್ಚಿದ ಸಂಘಗಳಿಗೆ ಕೈ ಕಟ್ಟಿದಂತಾಯಿತು. ಉಳಿದವರು ಬೇರೆ ಬಾಗಿಲುಗಳನ್ನು ತಟ್ಟಿದರು. ಕಾಲುದಾರಿ, ಸೈಕಲ್ಲುದಾರಿ, ನೋಟದ ಕಟ್ಟೆಗಳಿಗೆ ನೆರವು ಕೊಡುವ ಇನ್ನೊಂದು ಸಾರಿಗೆ ನಿಧಿ, ಚಾರಣದ ಹಾದಿಗಳ ನಿಧಿ, ಹಳೆಯ ಸೇತುವೆ ಕಟ್ಟಡಗಳಿಗೆ ಪರಂಪರೆ ರಕ್ಷಣೆಯ ನಿಧಿ, ವಸತಿಗೃಹಗಳ ಕೊಠಡಿ ತೆರಿಗೆಯಲ್ಲಿ ಪ್ರವಾಸೋದ್ಯಮಕ್ಕೆಂದು ಎತ್ತಿಟ್ಟ ಪಾಲು, ಊರಿನ ಧರ್ಮದತ್ತಿಗಳು. ಒಂದೇ ಕಡೆ ದೊಡ್ಡ ಮೊತ್ತ ಕೇಳುವ ಬದಲು, ನೋಟದ ಕಟ್ಟೆಗೆ ಒಬ್ಬರಲ್ಲಿ, ಹಳೆಯ ಸೇತುವೆಗೆ ಇನ್ನೊಬ್ಬರಲ್ಲಿ, ಫಲಕಕ್ಕೆ ಮತ್ತೊಬ್ಬರಲ್ಲಿ ಕೇಳುವ ಜಾಣತನ ಬೆಳೆಯಿತು.

ಪೂರ್ವ ಭಾಗದ ಬ್ಲೂ ರಿಜ್ ಪರ್ವತಸಾಲಿನ ಉದಾಹರಣೆ ಇಲ್ಲಿ ಸ್ಮರಣೀಯ. ಹೆಸರಿನ ಅರ್ಥದಲ್ಲಿ ಅದು ನಮ್ಮ ನೀಲಗಿರಿಯ ಸೋದರಿ. ಆ ಶಿಖರಗಳ ಮೇಲೆ 469 ಮೈಲಿ ಸಾಗುವ ಮಾರ್ಗಕ್ಕೆ 1935ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರಕಾರಿ ಹಣದಿಂದ ಗುದ್ದಲಿ ಬಿತ್ತು. ಕೊನೆಯ ತುಂಡು ಮುಗಿದದ್ದು 1987ರಲ್ಲಿ. ಈಗ ಅದರ ನೆರವಿಗೊಂದು ಪ್ರತಿಷ್ಠಾನವಿದೆ. ಉತ್ತರ ಕೆರೊಲೈನಾದ ವಾಹನ ಮಾಲಿಕರು ತಮ್ಮ ಗಾಡಿಗೆ ಈ ಮಾರ್ಗದ ಚಿತ್ರವುಳ್ಳ ವಿಶೇಷ ನಂಬರ್ ಫಲಕ ಪಡೆಯಲು ತೆರುವ ಹೆಚ್ಚುವರಿ ಶುಲ್ಕದ ಒಂದು ಪಾಲು ಆ ಪ್ರತಿಷ್ಠಾನಕ್ಕೆ ಸೇರುತ್ತದೆ. ಟೆಕ್ಸಾಸಿನ ಟೈಲರ್ ಪಟ್ಟಣದ ಬಳಿ 1985ರಲ್ಲಿ ಒಂದು ಸೇವಾಸಂಘ ಎರಡು ಮೈಲಿ ರಸ್ತೆಯ ಕಸ ಹೆಕ್ಕುವ ಹೊಣೆ ಹೊತ್ತಿತು. ಅದರಿಂದ ‘ರಸ್ತೆಯನ್ನು ದತ್ತು ತೆಗೆದುಕೊಳ್ಳಿ’ ಎಂಬ ಪದ್ಧತಿ ನಾಡೆಲ್ಲ ಹಬ್ಬಿತು. ಅನುದಾನಕ್ಕೆ ಸಿಗದ ಆ ಗುಡಿಸುವ ಕೆಲಸಕ್ಕೆ ಕೈಗಳು ದೊರೆತದ್ದು ಹೀಗೆ.

ಮಾರ್ಗ ಸಂಘಗಳು ಬಿಡದೆ ಪ್ರಯತ್ನಿಸಿದವು. ಎರಡೂ ಪಕ್ಷಗಳ ಸದಸ್ಯರು ಕೈಗೂಡಿಸಿದ್ದರಿಂದ 2019ರ ಸೆಪ್ಟೆಂಬರಿನಲ್ಲಿ ಬಿರುದಿನ ಕ್ರಮಕ್ಕೆ ಮರುಜೀವ ಕೊಡುವ ಕಾನೂನು ಜಾರಿಯಾಯಿತು. ಆ ಬಳಿಕ ಅನುದಾನವೂ ಮತ್ತೆ ದೊರೆಯತೊಡಗಿತು. ಏಳು ವರ್ಷದ ಬರದಲ್ಲಿ ತಮ್ಮ ಯೋಜನೆಯ ಕಡತವನ್ನು ಧೂಳು ಹಿಡಿಯಗೊಡದೆ ಇಟ್ಟುಕೊಂಡಿದ್ದವರು ಆಗ ಅಣಿಯಾಗಿದ್ದರು. ಖಜಾನೆಯ ಬಾಗಿಲು ತೆರೆದ ದಿನ ಅರ್ಜಿ ಬರೆಯಲು ಕುಳಿತವನಿಗೆ ಹೊತ್ತು ಮೀರಿರುತ್ತದೆ.

ಹತ್ತು ರಾಜ್ಯ, ಒಂದೇ ಚಕ್ರ

ಗಡಿಯವರಾದ ನಮಗೆ ಇನ್ನೊಂದು ದೃಷ್ಟಾಂತ ಹೆಚ್ಚು ಹತ್ತಿರವಾದುದು. ಮಿಸಿಸಿಪ್ಪಿ ನದಿಯ ಬದಿಯಲ್ಲಿ ಹತ್ತು ರಾಜ್ಯಗಳನ್ನು ಹಾದುಹೋಗುವ ಮಾರ್ಗ ಬೇಕೆಂದು 1938ರಲ್ಲಿ ಆ ರಾಜ್ಯಗಳು ಸೇರಿ ಒಂದು ಆಯೋಗ ಮಾಡಿಕೊಂಡವು. ಇಡೀ ದಾರಿಯನ್ನು ಹೊಸತಾಗಿ ಕಟ್ಟುವುದು ವಿಪರೀತ ದುಬಾರಿಯೆಂದು ಕಂಡುಬಂದಾಗ ಕನಸನ್ನು ಕೈಬಿಡಲಿಲ್ಲ. ಇರುವ ರಸ್ತೆಗಳನ್ನೇ ಒಂದಕ್ಕೊಂದು ಕೂಡಿಸಿ ‘ಗ್ರೇಟ್ ರಿವರ್ ರೋಡ್’ ಎಂದರು. ಹಡಗಿನ ಚುಕ್ಕಾಣಿ ಚಕ್ರದ ಹಸಿರು ಚಿಹ್ನೆ ಹತ್ತೂ ರಾಜ್ಯಗಳಲ್ಲಿ ಒಂದೇ. ಡಾಂಬರು ಹಾಕುವುದು ಆಯಾ ರಾಜ್ಯದ ಹೊಣೆ. ದಾರಿಯ ಹೆಸರು, ಗುರುತು, ಕತೆ ಎಲ್ಲರದು. ದಾರಿಗೆ ಗಡಿ ತಿಳಿಯದು, ಹಣಕ್ಕೆ ತಿಳಿಯುತ್ತದೆ. ಈ ತೊಡಕಿಗೆ ಅವರು ಕಂಡುಕೊಂಡ ಉಪಾಯ ಇದು.

ನಮ್ಮ ಘಟ್ಟದ ದಾರಿಗಳು

ಸತ್ಯಮಂಗಲದಿಂದ ತಾಳವಾಡಿಗೆ ಬರುವವರು ಬಣ್ಣಾರಿ ಅಮ್ಮನಿಗೆ ಕೈಮುಗಿದು ದಿಂಬಂ ಘಟ್ಟದ 27 ಕಡಿತಿರುವುಗಳನ್ನು ಏರಬೇಕು. ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಲ್ಲಿ ಮದರಾಸು ಹೈಕೋರ್ಟಿನ ಆದೇಶದಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಮೇಲೆ ಕನ್ನಡದ ಊರುಗಳು, ಕೆಳಗೆ ತಮಿಳು ಊರುಗಳು, ನಡುವೆ ಆನೆ ಹುಲಿಗಳ ದಾರಿ. ಅಮೇರಿಕದ ಪಟ್ಟಿಯ ಆರು ಗುಣಗಳಲ್ಲಿ ಎಷ್ಟು ಇಲ್ಲಿವೆಯೆಂದು ವಾಚಕರೇ ಎಣಿಸಿಕೊಳ್ಳಲಿ. ವಯನಾಡಿನ, ನೀಲಗಿರಿಯ, ಕಾಸರಗೋಡಿನ ಗುಡ್ಡದಾರಿಗಳಿಗೂ ಇದೇ ಎಣಿಕೆ ಸಲ್ಲುತ್ತದೆ. ಆದರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ಎರಡು ರಾಜ್ಯಗಳ ನಡುವಣ ದಾರಿಗೆ ಇಬ್ಬರ ಪ್ರೀತಿಯೂ ಅರ್ಧರ್ಧವೇ.

ನಮ್ಮ ದೇಶದಲ್ಲಿಯೂ ತಟ್ಟಬಹುದಾದ ಬಾಗಿಲುಗಳಿವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಸ್ವದೇಶ ದರ್ಶನ’ ಯೋಜನೆ 2014-15ರಲ್ಲಿ ಆರಂಭವಾಯಿತು. ಅದರ ಪ್ರಸ್ತಾವ ರಾಜ್ಯ ಸರಕಾರದ ಮೂಲಕವೇ ಹೋಗಬೇಕು. ರಾಷ್ಟ್ರೀಯ ಹೆದ್ದಾರಿಗಳ ವಿಷಯದಲ್ಲಿ, ಕಾಮಗಾರಿ ವೆಚ್ಚದ ನೂರಕ್ಕೆ ಒಂದು ಪಾಲನ್ನು ಗಿಡಮರಗಳಿಗೆ ಎತ್ತಿಡಬೇಕೆಂದು 2015ರ ಹಸಿರು ಹೆದ್ದಾರಿ ನೀತಿ ಹೇಳಿತು. 2013ರ ಕಂಪೆನಿ ಕಾಯಿದೆಯ 135ನೆಯ ವಿಧಿಯಂತೆ ದೊಡ್ಡ ಕಂಪೆನಿಗಳು ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು; ಪರಿಸರವೂ ಪರಂಪರೆಯೂ ಆ ಪಟ್ಟಿಯಲ್ಲಿವೆ, ತಮ್ಮ ಆಸುಪಾಸಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂಬ ಮಾತೂ ಇದೆ. ಸಂಸತ್ಸದಸ್ಯರ ಕ್ಷೇತ್ರಾಭಿವೃದ್ಧಿ ನಿಧಿ 1993ರಿಂದ ನಡೆದುಬಂದ ಇನ್ನೊಂದು ಬಾಗಿಲು.

ಬಾಗಿಲುಗಳಿವೆಯೆಂದು ಹೇಳುವುದರಿಂದ ಹಣ ಬಂದುಬಿಡುವುದಿಲ್ಲ. ಈ ಎಲ್ಲ ಕಡೆಗಳಲ್ಲಿಯೂ ಕೇಳುವ ಪ್ರಶ್ನೆಗಳು ಒಂದೇ: ಏನಿದೆ, ಏನು ಬೇಕು, ನಿಮ್ಮ ಪಾಲೇನು, ನಾಳೆ ಕಾಯುವವರಾರು? ನಾಲ್ಕಕ್ಕೂ ಉತ್ತರವಿರುವ ಕಾಗದ ಹೆಚ್ಚಿನ ಊರುಗಳಲ್ಲಿಲ್ಲ. ಆ ಕಾಗದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಊರಿನ ಸಂಘ, ಶಾಲೆಯ ಮಕ್ಕಳು, ಹಿರಿಯರು ಸೇರಿ ಒಂದು ಭಾನುವಾರ ದಾರಿಯುದ್ದಕ್ಕೂ ನಡೆದರೆ ಸಾಕು. ಹಳೆಯ ಮರಗಳು ಎಷ್ಟು, ಅರವಟ್ಟಿಗೆಯ ಕಟ್ಟೆ ಎಲ್ಲಿ, ಯಾವ ತಿರುವಿಗೆ ಯಾವ ಹೆಸರು, ಆ ಹೆಸರು ಕನ್ನಡದಲ್ಲಿ ಏನು, ನೆರೆಯವರ ಭಾಷೆಯಲ್ಲಿ ಏನು, ಕಸ ಬೀಳುವ ಜಾಗ ಯಾವುದು, ವಾಹನ ನಿಲ್ಲಿಸಿದರೆ ಅಪಾಯವಿರುವುದು ಎಲ್ಲಿ ಎಂದು ಬರೆದುಕೊಳ್ಳಬಹುದು. ಗಡಿಯ ಆಚೆಯ ಊರಿನವರನ್ನೂ ಜತೆಗೆ ಕರೆದರೆ ಎರಡು ಕೈಬರಹಗಳಲ್ಲಿ ಒಂದೇ ದಾರಿಯ ಪಟ್ಟಿ ಸಿದ್ಧವಾಗುತ್ತದೆ. ಯಾವ ಬಾಗಿಲನ್ನು ತಟ್ಟಿದರೂ ಅರ್ಜಿಯ ಮೊದಲ ಹಾಳೆ ಅದೇ.